ಐದನೆಯ ಕಾಲುಚೀಲ

ಉಗುಳಪ್ಪ ಕಲ್ಲೆದೆಯ ಮನುಷ್ಯ. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ. ಅವನು ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ ಎಂದು ಅವನ ಪರ ವಹಿಸುವವರಿದ್ದರು. ನಿಜ ಹೇಳಲು ಅವನು ಎಂಥ ಹೊತ್ತನ್ನು ಆರಿಸಿಕೊಳ್ಳುತ್ತಿದ್ದ ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಹನ್ನೊಂದು ವರ್ಷದ ಮಗಳು ನೆಂಟರ ಮುಂದೆ ಹಾಡಿ, ಹೇಗಿತ್ತಪ್ಪಾ ಎಂದು ಕೇಳಿದಾಗ, ಮೂರನೆಯ ಸಾಲಿನಿಂದ ಶ್ರುತಿ ಇಳಿಯಿತು ಎಂದ. ಇಳಿದದ್ದು ನಿಜ. ಆ ಹುಡುಗಿಗೆ ಈಗ ಮೂವತ್ತು, ಇವತ್ತಿನ ತನಕ ಬಾಯಿಬಿಟ್ಟು ಹಾಡಿಲ್ಲ. ಅವನ ಅತ್ತೆ ಹಾಸಿಗೆ ಹಿಡಿದು ಮಲಗಿದ್ದಾಗ, ನಾನು ಏಳ್ತೀನಾ ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಉಳಿದವರೆಲ್ಲ ಏನೇನೋ ಹೇಳಿದರು. ಇವನು ‘ಇಲ್ಲ’ ಎಂದು ಹೇಳಿ, ಕಿಟಕಿ ಮುಚ್ಚಬೇಕೇ ಎಂದು ಕೇಳಿದ.

ಆ ಕೋಣೆಯಲ್ಲಿ ಅವನ ಹೆಂಡತಿಯ ತಂಗಿಯೂ ಇದ್ದಳು. ಅವಳೇ ಮುಂದೆ ಅವನ ಕೈಕೆಳಗೆ ಕೆಲಸಕ್ಕೆ ಸೇರಿದವಳು.

ಉಗುಳಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೆಳಗಿನ ಅಂತಸ್ತಿನಲ್ಲಿ ರಟ್ಟಿನ ಪೆಟ್ಟಿಗೆ ಕಟ್ಟುವ ಹೆಂಗಸರು ಇಟ್ಟದ್ದು. ವೈನು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ತಗಡಿನ ಬಕೆಟ್ಟಿಗೆ ಉಗುಳುವುದೇ ಅವನ ಉದ್ಯೋಗವಾಗಿತ್ತು. ಸಂಬಳ ತೆಗೆದುಕೊಂಡು ಉಗುಳುವ ಗಂಡಸನ್ನು ಆ ಹೆಂಗಸರು ಬೇರೆಲ್ಲೂ ನೋಡಿರಲಿಲ್ಲ. ಪುಕ್ಕಟೆ ಉಗುಳುವವರನ್ನು ಬೇಕಾದಷ್ಟು ನೋಡಿದ್ದರು.

ಅವನ ಅಪ್ಪ ಅಂಗಡಿಗಳ ತಕ್ಕಡಿ, ತೂಕದ ಕಲ್ಲು ತಪಾಸಣೆ ಮಾಡುವ ಸರಕಾರಿ ನೌಕರ. ಇವನು ಓದು ಮುಗಿಸಿ ಮೊದಲು ಸೇರಿದ್ದು ಒಂದು ವಿನೆಗರ್ ಕಾರ್ಖಾನೆಯ ಪ್ರಯೋಗಾಲಯಕ್ಕೆ. ಅದರ ಒಡೆಯ ಒಂದು ದಿನ ತಾನೇ ಮನೆಯಲ್ಲಿ ಮಾಡಿದ ವೈನು ತಂದು, ಎಲ್ಲರಿಗೂ ಹಂಚಿ, ಅಭಿಪ್ರಾಯ ಕೇಳಿದ. ‘ನಿಮ್ಮ ವಿನೆಗರೇ ವಾಸಿ’ ಎಂದ ಇವನು. ಕೆಲಸ ಹೋಯಿತು. ಸುದ್ದಿ ಮಾತ್ರ ಬಾಯಿಂದ ಬಾಯಿಗೆ ಹೋಗಿ ಒಂದು ವೈನ್ ಕ್ಲಬ್ಬಿನ ಮಾಲೀಕನ ಕಿವಿ ಮುಟ್ಟಿತು. ಅಂಥವನೇ ಬೇಕೆಂದು ಆತ ಹೇಳಿ ಕಳಿಸಿದ.

ಕ್ಲಬ್ಬಿಗೆ ಸಾವಿರದೆಂಟುನೂರು ಸದಸ್ಯರು. ಕೆಂಪು ವೈನು ಬಿಟ್ಟರೆ ಬೇರೆ ಕುಡಿಯದವರು. ಮೂರು ತಿಂಗಳಿಗೊಮ್ಮೆ ಅವರ ಮನೆಗೆ ಒಂದು ಪೆಟ್ಟಿಗೆ, ಜೊತೆಗೆ ಒಂದು ಚೀಟಿ ಹೋಗುತ್ತಿತ್ತು. ಬೇರೆ ಕ್ಲಬ್ಬುಗಳ ಚೀಟಿಗಳಲ್ಲಿ ನೇರಳೆ ಹಣ್ಣು, ಒದ್ದೆ ಮಣ್ಣು, ಹಳೆಯ ತೊಗಲಿನ ಕುರ್ಚಿ, ಮುಸ್ಸಂಜೆಯ ಬೇಸರ ಎಲ್ಲವೂ ಬರುತ್ತಿದ್ದವು. ಉಗುಳಪ್ಪನ ಚೀಟಿಯಲ್ಲಿ ‘ಒಗರು, ಊಟದ ಜೊತೆ ಸರಿ’ ಎಂದಿರುತ್ತಿತ್ತು. ‘ಈ ಬೆಲೆಗೆ ಹೆಚ್ಚು ಕೇಳಬಾರದು’ ಎಂದಿರುತ್ತಿತ್ತು. ತುಂಬ ಖುಷಿಯಾದರೆ ‘ಕುಡಿಯಬಹುದು.’ ಇದೆಲ್ಲದರ ಮೇಲೆ ‘ಕೊಳ್ಳಿ’ ಎಂಬ ಒಂದು ಮಾತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅದನ್ನು ಅವನು ಬರೆದದ್ದು ಒಂಬತ್ತು ಸಲ. ಬರೆದಾಗಲೆಲ್ಲ ಸದಸ್ಯರು ಮುಗಿಬಿದ್ದು ಕೊಂಡರು, ಯಾರೂ ದೂರಲಿಲ್ಲ.

ಹೆಂಡತಿಯ ತಂಗಿ ಕೆಲಸಕ್ಕೆ ಬಂದದ್ದು ಅವಳ ನಲವತ್ತೊಂದನೆಯ ವಯಸ್ಸಿನಲ್ಲಿ. ಅವಳ ಗಂಡನಿಗೆ ಬೆನ್ನು ನೋವು. ನೋವು ನಿಜವೇ, ಆದರೆ ಟೀವಿಯಲ್ಲಿ ಆಟ ಬರುವಾಗ ಅದು ಬರುತ್ತಿರಲಿಲ್ಲ. ದುಡಿಯಲು ಅವಳೊಬ್ಬಳೇ. ಅಷ್ಟರಲ್ಲಿ ಹಳೆಯ ಮಾಲೀಕ ಹೋಗಿ ಅವನ ಮಗ ಬಂದಿದ್ದ. ನಿಮ್ಮ ನಾದಿನಿ ಹೇಗೆ ಎಂದು ಆ ಮಗ ಕೇಳಿದ್ದಕ್ಕೆ ಉಗುಳಪ್ಪ ಕೊಟ್ಟ ಶಿಫಾರಸು ಇಷ್ಟು: ‘ಕೆಲಸ ಗೊತ್ತಿಲ್ಲ. ಕೈ ನಡುಗುವುದಿಲ್ಲ.’ ಅದನ್ನು ಮಾಲೀಕನೇ ಅವಳಿಗೆ ಹೇಳಿ ನಕ್ಕ. ಭಾವನಿಗೆ ಉಪಕಾರ ಹೇಳಬೇಕೋ ಬೇಡವೋ ಎಂದು ಅವಳು ಆರು ವರ್ಷ ಯೋಚಿಸುತ್ತಲೇ ಇದ್ದಳು.

ಅವಳ ಕೆಲಸ ಹೀಗೆ. ರುಚಿ ನೋಡುವ ದಿನ ಬೆಳಗ್ಗೆ ಒಂಬತ್ತೂವರೆಗೆ ಸರಿಯಾಗಿ ಎಂಟು ಬಾಟಲಿಗಳ ಬಿರಡೆ ತೆಗೆಯಬೇಕು. ಹೆಸರು ಕಾಣದಂತೆ ಒಂದೊಂದಕ್ಕೂ ಬೂದು ಬಣ್ಣದ ಉದ್ದನೆಯ ಕಾಲುಚೀಲ ತೊಡಿಸಿ, ನಂಬರಿನ ಬಿಲ್ಲೆ ಕಟ್ಟಿ, ಬಿರಡೆಯನ್ನು ಸಡಿಲವಾಗಿ ಮೇಲಿಟ್ಟು, ಮೇಲಿನ ಕೋಣೆಯ ಬಿಳಿ ಮೇಜಿನ ಮೇಲೆ ಜೋಡಿಸಬೇಕು. ಯಾವುದನ್ನು ಎಷ್ಟು ಗಂಟೆಗೆ ತೆಗೆದದ್ದು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಹತ್ತಕ್ಕೆ ಭಾವ ಬರುತ್ತಾನೆ, ಹಲ್ಲುಪುಡಿ ಹಾಕದೆ ಬರೀ ನೀರಿನಲ್ಲಿ ಹಲ್ಲುಜ್ಜಿಕೊಂಡು. ಅವನು ಬರೆಯುವುದು ಕೊನೆಯ ಕಾಲಮ್ಮಿನಲ್ಲಿ, ಹಸಿರು ಶಾಯಿಯಲ್ಲಿ. ಮಿಕ್ಕ ವೈನೆಲ್ಲ ಅದೇ ದಿನ ಸಿಂಕಿಗೆ. ಕಟ್ಟುವ ಹೆಂಗಸರು ಅವಳಿಗೆ ಕಾಲುಚೀಲದಮ್ಮ ಎಂದು ಹೆಸರಿಟ್ಟಿದ್ದರು. ಉಗುಳಪ್ಪನಿಗಿಂತ ಅದು ಮರ್ಯಾದೆಯದೇ ಎಂದು ಅವಳು ಸುಮ್ಮನಿದ್ದಳು.

ಒಂದು ಮಂಗಳವಾರ ಭಾವ ಬಂದ, ಮೊದಲನೆಯ ಗ್ಲಾಸು ಮೂಗಿಗೆ ಹಿಡಿದ, ‘ಇವತ್ತು ಮೂಗಿಲ್ಲ’ ಎಂದು ಹೇಳಿ ನೆಗಡಿ ಹೊತ್ತುಕೊಂಡು ಮನೆಗೆ ಹೋದ. ಅವಳು ಒಂದೊಂದೇ ಬಾಟಲಿಯನ್ನು ಸಿಂಕಿಗೆ ಸುರಿದಳು. ಐದನೆಯದು ಕೈಯಲ್ಲಿದ್ದಾಗ ಕೆಳಗೆ ಲಾರಿ ಬಂತೆಂದು ಕೂಗಿದರು. ಅದನ್ನು ಹಾಗೇ ಬಿರಡೆಯಿಟ್ಟು ಕಪಾಟಿನ ಬದಿಗಿರಿಸಿ ಓಡಿದಳು. ತಿರುಗಿ ಬಂದು ಆರು, ಏಳು, ಎಂಟು ಸುರಿದಳು.

ಮರುದಿನ ನೆಗಡಿ ಇಳಿದಿತ್ತು. ಅವಳು ಅದೇ ಎಂಟು ವೈನುಗಳ ಹೊಸ ಬಾಟಲಿಗಳನ್ನು ತೆಗೆದು ಕಾಲುಚೀಲ ತೊಡಿಸುತ್ತ ಬಂದಳು. ಐದನೆಯದಕ್ಕೆ ಆಗಲೇ ತೊಡಿಸಿಯಾಗಿತ್ತು, ಬಿಲ್ಲೆಯೂ ಇತ್ತು, ಬಿರಡೆಯೂ ಸಡಿಲವಾಗಿತ್ತು. ಇದು ಆಯಿತಲ್ಲ ಎಂದುಕೊಂಡು ಮೇಜಿನ ಮೇಲಿಟ್ಟಳು. ಹನ್ನೆರಡು ಗಂಟೆಗೆ ಉಗ್ರಾಣದಲ್ಲಿ ಎಣಿಸುವಾಗ ಐದನೆಯ ವೈನಿನದು ಒಂದು ಬಾಟಲಿ ಹೆಚ್ಚಿಗೆ ಉಳಿದಿತ್ತು. ಮೇಲೆ ಮೇಜಿನ ಮೇಲಿಟ್ಟದ್ದು ನಿನ್ನೆ ತೆಗೆದದ್ದು. ಅವಳು ಅಲ್ಲೇ ಪೆಟ್ಟಿಗೆಯ ಮೇಲೆ ಕುಳಿತಳು. ಮೇಲೆ ಹೋದಾಗ ಭಾವ ಐದನೆಯದರ ಮುಂದೆ ಹಸಿರು ಶಾಯಿಯಲ್ಲಿ ‘ಕೊಳ್ಳಿ’ ಎಂದು ಬರೆದು ಮುಗಿಸಿದ್ದ. ಮಾಲೀಕ ಪಕ್ಕದಲ್ಲಿ ನಿಂತು ಅವನ ಕೈ ಕುಲುಕುತ್ತಿದ್ದ.

ಅವಳು ಬಾಯಿ ತೆರೆಯಲಿಲ್ಲ. ರಿಜಿಸ್ಟರಿನಲ್ಲಿ ಏಳು ವೈನುಗಳ ಗಂಟೆ ಬರೆದಳು, ಐದನೆಯದರ ಜಾಗ ಖಾಲಿ ಬಿಟ್ಟಳು.

ಮಾಲೀಕ ಮೂರು ಸಾವಿರ ಬಾಟಲಿ ತರಿಸಿದ. ಎರಡು ವಾರದೊಳಗೆ ಕಾಗದಗಳು ಬರತೊಡಗಿದವು. ನಿವೃತ್ತ ನ್ಯಾಯಾಧೀಶರೊಬ್ಬರು, ಬಾಗಿಲ ಚೌಕಟ್ಟು ನೆಕ್ಕಿದ ಹಾಗಾಯಿತು ಎಂದು ಬರೆದರು. ಅದನ್ನು ಯಾವಾಗ ನೆಕ್ಕಿದ್ದರೆಂದು ವಿವರಿಸಲಿಲ್ಲ. ಒಬ್ಬ ಹಲ್ಲಿನ ಡಾಕ್ಟರು, ತಮ್ಮ ವೃತ್ತಿಯವರ ಜೊತೆ ಕ್ಲಬ್ಬು ಏನಾದರೂ ಒಪ್ಪಂದ ಮಾಡಿಕೊಂಡಿದೆಯೇ ಎಂದು ವಿಚಾರಿಸಿದರು. ನಲವತ್ತು ಜನ ಸದಸ್ಯತ್ವ ಬಿಟ್ಟರು.

ಮಾಲೀಕ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದ. ಅವನ ಅಕ್ಕನ ಮಗನೊಬ್ಬ ಎರಡು ವರ್ಷ ಇದನ್ನೇ ಓದಿ, ಗೋಡೆಗೆ ನೇತುಹಾಕುವಂಥ ಸರ್ಟಿಫಿಕೇಟು ಹಿಡಿದು ಉಗುಳಪ್ಪನ ಜಾಗಕ್ಕೆ ಕಾದಿದ್ದ. ಎಲ್ಲರಿಗೂ ಅದು ಗೊತ್ತಿತ್ತು.

‘ಬಾಟಲಿ ತಪ್ಪೋ, ನಾಲಿಗೆ ತಪ್ಪೋ, ಎರಡರಲ್ಲಿ ಒಂದು’ ಎಂದ ಮಾಲೀಕ. ‘ನಾಳೆ ಹತ್ತು ಗಂಟೆಗೆ ಬಂದು ರಿಜಿಸ್ಟರ್ ನೋಡ್ತೀನಿ. ಬಾಟಲಿ ಹೊತ್ತಿಗೆ ಸರಿಯಾಗಿ ತೆಗೆದಿದ್ರೆ, ನಿಮ್ಮ ನಾಲಿಗೆಗೆ ವಯಸ್ಸಾಯ್ತು ಅಂತ ಲೆಕ್ಕ. ತೆಗೆದಿಲ್ಲ ಅಂದ್ರೆ, ತೆಗೀಬೇಕಾದವರು ಮನೆಗೆ ಹೋಗ್ತಾರೆ. ನನಗೆ ಯಾರ ಮೇಲೂ ಸಿಟ್ಟಿಲ್ಲ.’

ಸಿಟ್ಟಿಲ್ಲದವರು ಇನ್ನೂ ಅಪಾಯ ಎಂದು ಅವಳಿಗನ್ನಿಸಿತು. ನಲವತ್ತೇಳರಲ್ಲಿ, ಬಾಟಲಿಗೆ ಕಾಲುಚೀಲ ಹಾಕುವುದೊಂದೇ ಬಲ್ಲ ಹೆಂಗಸಿಗೆ ಇನ್ನಾರು ಕೆಲಸ ಕೊಡುತ್ತಾರೆ?

ಮಾಲೀಕ ಹೋದಮೇಲೆ ಉಗುಳಪ್ಪ ಆ ವೈನಿನ ಹೊಸ ಬಾಟಲಿಯೊಂದನ್ನು ತರಿಸಿದ. ಬಿರಡೆ ತೆಗೆದು, ರುಚಿ ನೋಡಿ, ಉಗುಳಿದ. ಇನ್ನೊಂದು ಗುಟುಕು ಹಾಕಿಕೊಂಡ.

‘ವೈನು ಅದೇ’ ಎಂದ. ‘ಆದರೆ ನಾನು ಅವತ್ತು ನೋಡಿದ್ದು ಒಂದು ದಿನ ಗಾಳಿ ಕುಡಿದದ್ದು. ಗಾಳಿ ಆಡಿದ್ರೆ ಇದರ ಒಗರು ಇಳಿಯುತ್ತೆ.’

‘ಭಾವ, ಆ ಮಂಗಳವಾರ ನಾನು…’

‘ನಾನು ಕೇಳಲಿಲ್ಲ’ ಎಂದು ಗ್ಲಾಸು ತೊಳೆಯಲು ಎದ್ದ.

ಅದನ್ನು ಅವಳು ಬಾಗಿಲು ಮುಚ್ಚಿದಂತೆಯೇ ತೆಗೆದುಕೊಂಡಳು. ಗೊತ್ತಾಗಿದೆ, ಇನ್ನು ಕೇಳುವುದೇನಿದೆ. ಸಂಜೆ ಅಕ್ಕನ ಮನೆಗೆ ಹೋಗಿ, ಅಡುಗೆಮನೆಯಲ್ಲಿ ನಿಂತು, ಎಲ್ಲ ಹೇಳಿಕೊಂಡಳು. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದವಳು ನಿಲ್ಲಿಸಲಿಲ್ಲ.

‘ನಾನು ಹೇಳಿನೋಡ್ತೀನಿ ಅಂತ ಬಂದಿದ್ರೆ ಅದನ್ನ ಬಿಟ್ಟುಬಿಡು’ ಎಂದಳು. ‘ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತಾರೆ. ನಾದಿನಿ ಅಂತ ನೋಡಲ್ಲ. ಮೂವತ್ತೈದು ವರ್ಷ ಆಯ್ತು, ಹೆಂಡತಿ ಅಂತಾನೇ ನೋಡಿಲ್ಲ. ಅವರು ಹೇಳೋಕೆ ಮುಂಚೆ ನೀನೇ ಹೋಗಿ ಮಾಲೀಕರ ಹತ್ತಿರ ಒಪ್ಪಿಕೋ. ಒಂದು ತಿಂಗಳ ಸಂಬಳನಾದ್ರೂ ಕೊಟ್ಟು ಕಳಿಸ್ತಾರೆ.’

‘ನಿನಗೆ ನನ್ನ ಮೇಲೆ ಕನಿಕರಾನೇ ಇಲ್ವಾ ಅಕ್ಕ?’

‘ಇದೆ. ಅದಕ್ಕೇ ಹೇಳ್ತಿರೋದು. ತಟ್ಟೆ ಇಡು.’

ಅವಳು ಊಟ ಮಾಡಲಿಲ್ಲ. ದಾರಿಯುದ್ದಕ್ಕೂ ರಿಜಿಸ್ಟರಿನ ಆ ಖಾಲಿ ಜಾಗವೇ ಕಣ್ಣಿಗೆ ಕಟ್ಟಿತ್ತು. ಅಲ್ಲಿ ಒಂಬತ್ತೂವರೆ ಎಂದು ತಾನೇ ಬರೆದುಬಿಡಬಹುದು, ಪುಸ್ತಕವಿರುವುದು ತನ್ನದೇ ಮೇಜಿನ ಖಾನೆಯಲ್ಲಿ. ಆದರೆ ಹಾಗೆ ಬರೆದರೆ ಇಪ್ಪತ್ತೆರಡು ವರ್ಷದ ನಾಲಿಗೆ ಕೆಟ್ಟಿತೆಂದು ತಾನೇ ಸಹಿ ಹಾಕಿದಂತೆ. ಅಷ್ಟರ ಮೇಲೆ ಭಾವ ಸುಮ್ಮನಿರುತ್ತಾನೆಯೇ? ಆಮೇಲೆ ಕಳ್ಳಿ ಎಂಬ ಹೆಸರು ಬೇರೆ. ಒಪ್ಪಿಕೊಳ್ಳುವುದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಬೆಳಗ್ಗೆ ಒಂಬತ್ತಕ್ಕೇ ಬಂದು, ತನ್ನ ಏಪ್ರನ್ನು, ಚಪ್ಪಲಿ, ಬಿರಡೆ ತೆಗೆಯುವ ತಿರುಪು ಎಲ್ಲ ಒಂದು ಚೀಲಕ್ಕೆ ಹಾಕಿಟ್ಟಳು. ತಿರುಪು ಕ್ಲಬ್ಬಿನದೆಂದು ನೆನಪಾಗಿ ತಿರುಗಿ ತೆಗೆದಿಟ್ಟಳು. ಹತ್ತಕ್ಕೆ ಐದು ನಿಮಿಷವಿದ್ದಾಗ ಉಗುಳಪ್ಪ ಬಂದ. ಚೀಲ ನೋಡಿದ. ರಿಜಿಸ್ಟರ್ ಕೇಳಿದ. ಅವಳು ಆ ಪುಟ ತೆರೆದೇ ಕೊಟ್ಟಳು.

ಕೆಳಗೆ ಮೆಟ್ಟಿಲ ಮೇಲೆ ಮಾಲೀಕನ ಬೂಟಿನ ಸದ್ದು ಕೇಳಿತು. ಮಾಲೀಕನಿಗೆ ಹೇಳಬೇಕಾದ ಮಾತನ್ನು ಅವಳು ಮನಸ್ಸಿನಲ್ಲಿ ಇನ್ನೊಮ್ಮೆ ಜೋಡಿಸಿಕೊಂಡಳು: ತಪ್ಪಾಯಿತು ಸಾರ್, ಬಾಟಲಿ ಹಿಂದಿನ ದಿನದ್ದು.

ಉಗುಳಪ್ಪ ಕನ್ನಡಕ ಹಾಕಿಕೊಂಡು ಪುಟವನ್ನು ಮೇಲಿನಿಂದ ಕೆಳಗಿನ ತನಕ ಓದಿದ, ವೈನಿನ ಚೀಟಿ ಓದುವಷ್ಟೇ ನಿಧಾನವಾಗಿ. ಜೇಬಿನಲ್ಲಿ ಅವನ ಹಸಿರು ಪೆನ್ನಿತ್ತು. ಅದನ್ನು ಮುಟ್ಟಲಿಲ್ಲ.

‘ನಿನ್ನ ಪೆನ್ನು ಕೊಡು’ ಎಂದ.

ಅವಳು ಕೊಟ್ಟಳು. ಅವನು ಮೇಲಿನ ಸಾಲುಗಳಲ್ಲಿ ಅವಳು ಅಂಕಿ ಬರೆದ ರೀತಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಐದನೆಯದರ ಖಾಲಿ ಜಾಗದಲ್ಲಿ, ನೀಲಿ ಶಾಯಿಯಲ್ಲಿ, ಒಂಬತ್ತರ ಬಾಲವನ್ನು ಅವಳಂತೆಯೇ ಉದ್ದಕ್ಕೆಳೆದು, ೯.೩೦ ಎಂದು ಬರೆದ. ಶಾಯಿ ಆರಲೆಂದು ಊದಿದ. ಬಾಗಿಲು ತೆರೆದುಕೊಂಡು ಒಳಗೆ ಬಂದ ಮಾಲೀಕನ ಕೈಗೆ ಪುಸ್ತಕ ಕೊಟ್ಟ.