ಅಂಜಿಕೆ ಹೋದ ಮೇಲೆ ಹಾರಿದ ಗುಂಡು

ಒಣದ್ರಾಕ್ಷಿಯ ಹಂಗಾಮಿನಲ್ಲಿ ಕಾಕಾನ ಎರಡೂ ಅಂಗೈ ಮಿರಮಿರ ಮಿಂಚುತ್ತಿದ್ದವು. ಒಣಹಾಕುವ ಮೊದಲು ಗೊನೆ ಅದ್ದಿ ತೆಗೆಯುವ ಎಣ್ಣೆನೀರು ಚರ್ಮದೊಳಗೆ ಇಳಿದು, ಸಾಬೂನಿಗೂ ಹೋಗದೆ, ಯುಗಾದಿ ದಾಟುವ ತನಕ ಹಾಗೇ ಉಳಿಯುತ್ತಿತ್ತು. ಅವನು ಮುರಿದ ರೊಟ್ಟಿಗೂ ಅದೇ ವಾಸನೆ. ಕಾಕಿ ಬೈಯುತ್ತಿದ್ದಳು, ಅವನು ಇನ್ನೊಂದು ರೊಟ್ಟಿ ಕೇಳುತ್ತಿದ್ದ. ಆ ಕೈಗಳಿಗೆ ಬೇಡಿ ಬಿದ್ದದ್ದನ್ನು ನೆನೆದು ನಮ್ಮೂರು ಐಗಳಿಯ ಜನ ಇವತ್ತಿಗೂ ಒಂದೇ ಮಾತು ಹೇಳುತ್ತಾರೆ: 'ತನ್ನ ಮನಿ ತಾ ಕಾಯ್ಕೊಂಡ, ಕಾಯ್ದೆ ಅವನ್ನ ತಿಂತು.'

ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಥಣಿಯ ಕಾಲೇಜಿನಲ್ಲಿದ್ದಷ್ಟು ದಿನ ಚರ್ಚಾಸ್ಪರ್ಧೆಗಳಲ್ಲಿ ನಿಂತು ಬಂದವಳು ನಾನು. ಎಲ್ಲರೂ ತಲೆಯಾಡಿಸುವ ಮಾತು ಕಂಡರೆ ಮೊದಲು ಅದರ ಹೊಲಿಗೆ ಬಿಚ್ಚಿ ನೋಡುವ ಚಟ. ಕಾಯ್ದೆ ಕಾಕಾನಿಗೆ ಬಾಗಿಲು ತೆರೆದೇ ಇಟ್ಟಿತ್ತು. 'ಹೌದು' ಎಂಬ ಒಂದು ಶಬ್ದ ಆಡಿದ್ದರೆ ಅವನು ಮನೆಗೆ ಬರಬಹುದಿತ್ತು. ಆಡಲಿಲ್ಲ. ಊರು ಹೇಳುವ ಕತೆಯಲ್ಲಿ ಇದೊಂದೇ ಸಂಗತಿ ಇಲ್ಲ.

ಕಾಕಾ ಎನ್ನುತ್ತಿದ್ದೆವೇ ಹೊರತು ರಕ್ತಸಂಬಂಧವೇನೂ ಇರಲಿಲ್ಲ. ನಮ್ಮ ತೋಟದ ಬದುವಿಗೆ ಹತ್ತಿ ಅವನ ತೋಟ, ಅಷ್ಟೇ. ನಮ್ಮ ಕಡೆ ಊರು ಬಿಟ್ಟು ದೂರ ದೂರಕ್ಕೆ ಒಂದೊಂದು ತೋಟದ ಮನೆ. ಒಬ್ಬರ ಲಾಟೀನು ಇನ್ನೊಬ್ಬರಿಗೆ ಚುಕ್ಕಿಯಂತೆ ಕಾಣುತ್ತದೆ. ಕಾಕಾ ತನ್ನ ಎತ್ತುಗಳನ್ನು ಬೈಯುವುದು ಮರಾಠಿಯಲ್ಲಿ. ಗಡಿಯಾಚೆಯ ಸಂತೆಯಿಂದ ತಂದವು, ಕನ್ನಡ ಬೈಗುಳ ಅವಕ್ಕೆ ತಾಕುವುದಿಲ್ಲ ಎಂದು ಗಂಭೀರವಾಗಿ ಹೇಳುತ್ತಿದ್ದ. ನಾನು ಸ್ಪರ್ಧೆ ಗೆದ್ದು ಬಂದರೆ 'ಬಾರವ್ವಾ ವಕೀಲಬಾಯಿ' ಎಂದು ಕಟ್ಟೆಯ ಮೇಲೆ ಕೂರಿಸಿಕೊಂಡು, ಅವತ್ತಿನ ವಿಷಯ ಕೇಳಿ, ತಾನು ಎದುರು ಪಕ್ಷ ಹಿಡಿಯುತ್ತಿದ್ದ. ಸೋತಾಗ ನಗುತ್ತಿದ್ದ. 'ಮಾತ ನೀ ಗೆದ್ದಿ. ಈಗ ಖರೆ ಯಾವುದು, ಅದನ್ನ ಹೇಳು' ಎನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಚೀಟಿಯಲ್ಲಿ ಬಂದ ಪಕ್ಷ ವಾದಿಸುವವಳಿಗೆ ಖರೆ ಯಾಕೆ ಬೇಕು?

ಅವನ ಮನೆಯಲ್ಲಿ ಜೋಡುನಳಿಗೆಯ ಬಂದೂಕು ಇತ್ತು. ಅಪ್ಪನ ಕಾಲದ ಲೈಸೆನ್ಸು, ಅವನ ಹೆಸರಿಗೆ ಬಂದಿತ್ತು. ದಸರೆಗೆ ಕುಂಕುಮ, ಬೆಳೆಗೆ ಹಂದಿ ನುಗ್ಗಿದರೆ ಆಕಾಶಕ್ಕೆ ಒಂದು ಬಾರು. ಅದರ ಕೆಲಸ ಅಲ್ಲಿಗೆ ಮುಗಿಯಿತು. ಇಲೆಕ್ಷನ್ ಬಂತೆಂದರೆ ಲೈಸೆನ್ಸಿನ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಕಾಕಾ ಅದನ್ನು ಕೌದಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದ. ಕೂಸು ಮಲಗಿದೆಯೇನು, ಅರ್ಧ ಟಿಕೀಟು ಹರಿಯಲೇ ಎಂದು ಕಂಡಕ್ಟರ್ ಒಮ್ಮೆ ಕೇಳಿದನಂತೆ. 'ಹರಿಯಪಾ, ಆದ್ರ ಎಬ್ಬಸಬ್ಯಾಡ' ಅಂದೆ ಎಂದು ಹೇಳಿಕೊಂಡು ವರ್ಷಗಟ್ಟಲೆ ನಕ್ಕ.

ಸುಗ್ಗಿ ಮುಗಿದ ಮೇಲೆ ಅವನ ಖಾಲಿ ಹೊಲದಲ್ಲಿ ಕುರಿ ತರುಬುತ್ತಿದ್ದವನನ್ನು ನಾವು ಮಾವ ಎನ್ನುತ್ತಿದ್ದೆವು. ರಾತ್ರಿ ಕುರಿಮಂದೆ ಕೂತ ನೆಲಕ್ಕೆ ಗೊಬ್ಬರ, ಮಾವನಿಗೆ ಜೋಳ. ಇಬ್ಬರ ಅಪ್ಪಂದಿರೂ ನಡೆಸಿಕೊಂಡು ಬಂದ ರೂಢಿ. ಮಾವನಿಗೆ ಒಬ್ಬನೇ ಮಗ. ಇಪ್ಪತ್ತರ ಆಸುಪಾಸು, ಹಲಗಿ ಬಾರಿಸುವುದರಲ್ಲಿ ಗಟ್ಟಿಗ. ಕಾಕಾನನ್ನು ದೊಡ್ಡಪ್ಪಾ ಎನ್ನುತ್ತ ಕಾಕಿಯ ಅಡುಗೆಮನೆಗೆ ಕೇಳದೆ ನುಗ್ಗುವವನು.

ಹೋಳಿಹುಣ್ಣಿಮೆಗೆ ಕಾಮಣ್ಣನನ್ನು ಸುಡುವ ಕಟ್ಟಿಗೆ, ಸಗಣಿಯ ಕುಳ್ಳು ಕದ್ದದ್ದೇ ಆಗಿರಬೇಕು. ಕೇಳಿ ತಂದದ್ದು ನಡೆಯುವುದಿಲ್ಲ. ಕತ್ತಲಾದ ಮೇಲೆ ಹುಡುಗರು ಗುಂಪು ಕಟ್ಟಿಕೊಂಡು ತೋಟದ ಮನೆಗಳಿಗೆ ಬರುತ್ತಾರೆ. ಯಜಮಾನ ಬೈಯಬೇಕು, ಹುಡುಗರು ಓಡಬೇಕು. ನಮ್ಮ ಕಡೆ ಒಂದು ಕಟ್ಟಳೆ ಮಾತ್ರ ಯಾರೂ ಮೀರುವುದಿಲ್ಲ: ಯಾರದು ಎಂದು ಕೂಗಿದರೆ ಓಗೊಡಬಾರದು. ಬಾಯಿ ಬಿಟ್ಟವನ ಕಟ್ಟಿಗೆ ಕಾಮಣ್ಣನಿಗೆ ಸಲ್ಲದು. ಕಾಕಾನೂ ಹುಡುಗನಾಗಿದ್ದಾಗ ಹೀಗೆಯೇ ಕದ್ದವನು. ವರ್ಷವೂ ಬೇಲಿಯ ಹತ್ತಿರ ಹುಡುಗರಿಗೆಂದೇ ಒಂದಿಷ್ಟು ಕುಳ್ಳು ಒಟ್ಟಿಟ್ಟು, ಒಳಗೆ ಕೂತು ಸುಳ್ಳೇ ಬೈಯುತ್ತಿದ್ದವನು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ಗಡಿಯಾಚೆ ಯಾವುದೋ ತೋಟದ ಮನೆಯಲ್ಲಿ ದರೋಡೆಯಾಗಿ, ಮುದುಕಿಯೊಬ್ಬಳ ಕಿವಿ ಹರಿದು ಬೆಂಡೋಲೆ ಒಯ್ದರೆಂದು ಸುದ್ದಿ ಬಂತು. ಎಲ್ಲರೂ ಅಂಜಿದ್ದರು. ಕಾಕಾನ ವರ್ಷದ ದ್ರಾಕ್ಷಿಯೆಲ್ಲ ಶೆಡ್ಡಿನಲ್ಲಿ ಒಣಗುತ್ತಿತ್ತು. ಅವನು ಕಾವಲಿಗೆ ಅಲ್ಲೇ ಕೂರತೊಡಗಿದ, ಬಂದೂಕಿನ ಜೊತೆ. ಹುಣ್ಣಿಮೆಗೆ ಇನ್ನೂ ಕೆಲವು ದಿನ ಬಾಕಿ, ಕಾಮಣ್ಣನ ಹುಡುಗರ ನೆನಪು ಯಾರಿಗೂ ಇರಲಿಲ್ಲ. ಒಂದು ರಾತ್ರಿ ಊಟದ ಹೊತ್ತು, ಕರೆಂಟಿರಲಿಲ್ಲ. 'ಯಾರಲೇ ಅದು' ಎಂದು ಅವನು ಕೂಗಿದ್ದು ನಮ್ಮ ಅಂಗಳಕ್ಕೆ ಕೇಳಿಸಿತು. ಇನ್ನೊಮ್ಮೆ ಕೂಗಿದ. ಓಗೊಡಲಿಲ್ಲ ಯಾರೂ. ಆಮೇಲೆ ಗುಂಡಿನ ಸದ್ದು.

ನಾವು ಓಡಿಹೋದಾಗ ಮಾವನ ಮಗ ಬೋರಲು ಬಿದ್ದಿದ್ದ, ಪಕ್ಕದಲ್ಲಿ ಶೆಡ್ಡಿನ ಹಿಂದಿನಿಂದ ಎಳೆದ ಹಳೆಯದೊಂದು ಬಿದಿರಿನ ಗಳ. ಸೀಸದ ಕಾಳುಗಳೆಲ್ಲ ಬೆನ್ನಿಗೆ ಹೊಕ್ಕಿದ್ದವು. ಜೊತೆಗೆ ಬಂದ ಹುಡುಗರು ಬೇಲಿಯಾಚೆ ನಿಂತಿದ್ದರು. ಕಾಕಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದ: 'ಒಂದ ಸರ್ತಿ ದೊಡ್ಡಪ್ಪಾ ಅನಬಾರದೇನಲೇ.' ಟ್ರ್ಯಾಕ್ಟರು ಅಥಣಿ ಮುಟ್ಟುವ ಮೊದಲೇ ಹುಡುಗ ಹೋದ.

ಜಾಮೀನಿನ ಮೇಲೆ ಬಂದ ಕಾಕಾನೊಡನೆ ವಕೀಲರ ಮನೆಗೆ ಹೋಗುತ್ತಿದ್ದವಳು ನಾನು. ಅವರು ಬಿಡಿಸಿ ಹೇಳಿದರು. ಮನೆ ಕಾಯಲು ಬಂದೂಕು ಎತ್ತುವ ಹಕ್ಕು ಉಂಟು. ರಾತ್ರಿ ಕನ್ನ ಹಾಕಿ ಒಳಗೆ ಬರುವವನ ಮೇಲೆ, ಜೀವ ತೆಗೆಯಲು ಬಂದವನ ಮೇಲೆ ಆ ಹಕ್ಕು ಸಾವಿನವರೆಗೂ ಹೋದೀತು. ಬರೀ ಕಳವಿಗೆ ಅಷ್ಟು ದೂರ ಹೋಗದು. ಅದರ ಆಯುಷ್ಯವೂ ಅಂಜಿಕೆ ಇರುವಷ್ಟು ಹೊತ್ತು ಮಾತ್ರ. ಅಂಜಿಕೆ ತೀರಿದ ಮೇಲೆ ಹಾರಿಸಿದ ಗುಂಡನ್ನು ಯಾವ ಲೈಸೆನ್ಸೂ ಕಾಯುವುದಿಲ್ಲ. ಬೆನ್ನಿಗೆ ಬಡಿದಿರುವುದೇ ತೊಡಕು ಎಂದರು. ಹುಡುಗನ ಕೈಯಲ್ಲಿ ಒಂದು ಕೊಡಲಿ ಇದ್ದಿದ್ದರೆ ಮಾತು ಬೇರೆ, ಎಂದು ಕಡತ ಮುಚ್ಚಿದರು.

ಬಸ್ಸಿನ ದಾರಿಯುದ್ದಕ್ಕೂ ನಾನು ವಾದಿಸಿದೆ. ಕತ್ತಲಿತ್ತು. ಓಡಿದವನೊಬ್ಬ ಕಂಡ, ಉಳಿದವರು ಎಷ್ಟು ಮಂದಿ, ಎಲ್ಲಿದ್ದಾರೆ ಗೊತ್ತಿರಲಿಲ್ಲ. ದರೋಡೆಯ ಸುದ್ದಿ ಕಿವಿಯಲ್ಲೇ ಇತ್ತು. ಅಂಜಿಕೆ ಇಂಥ ಕ್ಷಣಕ್ಕೆ ತೀರಿತೆಂದು ಅಳೆಯುವವರು ಯಾರು? ಒಳ್ಳೆಯ ವಾದ, ಈಗಲೂ ಅದರಲ್ಲಿ ನನಗೆ ಬಿರುಕು ಕಾಣುವುದಿಲ್ಲ. ಕಾಕಾ ಕಿಟಕಿಯಾಚೆ ನೋಡುತ್ತ ಹೇಳಿದ:

'ಅದನ್ನ ನಾ ಅಳದೇನಿ.'

ವಕೀಲರ ಆ ಕೊಡಲಿಯ ಮಾತನ್ನು ಕಾಕಿ ಅಳುತ್ತ ಮಾವನಿಗೆ ಮುಟ್ಟಿಸಿದ್ದಳು. ಒಂದು ಮುಂಜಾನೆ ಮಾವ ಬಂದು ಮಗನ ಕೊಡಲಿಯನ್ನು ಕಟ್ಟೆಯ ಮೇಲಿಟ್ಟ. ಕುರಿಗೆ ಸೊಪ್ಪು ಕಡಿಯುವ ಉದ್ದ ಕಾವಿನ ಕೊಡಲಿ. ಆ ದಿನ ಅದು ಕುರಿಹಟ್ಟಿಯಲ್ಲೇ ಇತ್ತೆಂದು ನಮಗೆಲ್ಲ ಗೊತ್ತಿತ್ತು.

'ಅಣ್ಣಾ, ಇದು ಅವನ ಕೈಯಾಗ ಇತ್ತಂತ ನಾ ಸಾಕ್ಷಿ ಹೇಳ್ತೀನಿ. ಹೋದಾಂವ ಹೋದ. ನೀಯಾದ್ರೂ ಮನಿಯಾಗ ಇರು.'

ಕಾಕಿ ಬಾಗಿಲ ಸಂದಿಯಲ್ಲಿ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ಕಾಕಾ ಕೊಡಲಿಯನ್ನು ಅವನ ಕಡೆಗೇ ಸರಿಸಿದ.

'ಇವತ್ತ ಕೊಡ್ಲಿ ಇತ್ತಂತಿ. ನಾಳಿಗಿ ಊರು ಅವನ್ನ ದರೋಡೆಖೋರ ಅಂತೈತಿ. ಒಮ್ಮೆ ಕೊಂದೇನಿ ತಮ್ಮಾ, ನನ್ನ ಕಡೆಯಿಂದ ಎರಡನೇ ಸಲ ಕೊಲ್ಲಸಬ್ಯಾಡ.'

ಮಾವ ಕೊಡಲಿ ಎತ್ತಿಕೊಂಡು ಹೋದ. ಅವತ್ತು ಕಾಕಿ ಕಾಕಾನಿಗೆ ಬಡಿಸಲಿಲ್ಲ. ಅವನೂ ಕೇಳಲಿಲ್ಲ.

ಬೆಳಗಾವಿಯ ಕೋರ್ಟಿನಲ್ಲಿ ಸಾಕ್ಷಿಗಳೆಲ್ಲ ಮುಗಿದು, ನ್ಯಾಯಾಧೀಶರು ಕಾಕಾನನ್ನೇ ಕೇಳುವ ದಿನ ಬಂತು. ಕಾಕಿ ನನ್ನ ಪಕ್ಕದಲ್ಲಿ, ಮಾವ ಹಿಂದಿನ ಬೆಂಚಿನಲ್ಲಿ. ಗುಂಡು ಹಾರಿಸುವಾಗ ನಿನಗೆ ಜೀವದ ಅಂಜಿಕೆ ಇತ್ತೇ ಎಂದು ಅವರು ಕೇಳಿದರು. ಅವಸರವಿಲ್ಲದೆ ಕೇಳಿದರು, ಆ ಪ್ರಶ್ನೆಯಲ್ಲಿ ದಯೆ ಇತ್ತೆಂದು ನನಗನ್ನಿಸುತ್ತದೆ. ಕಾಕಿ ನನ್ನ ಮುಂಗೈ ಹಿಡಿದುಕೊಂಡಳು.

'ಮೊದಲ ಇತ್ರಿ ಸಾಹೇಬ್ರ. ಅಂವಾ ತಿರುಗಿ ಓಡಿದ ಮ್ಯಾಲ ಅಂಜಿಕಿ ಹೋತ್ರಿ. ಸಿಟ್ಟ ಉಳದಿತ್ತ್ರಿ.'

ಕಾಕಿಯ ಕೈ ಸಡಿಲಾಯಿತು.

ಕೊಲೆಯೆಂದು ತೀರ್ಪಾಗಲಿಲ್ಲ. ಹಕ್ಕಿನ ಗಡಿ ದಾಟಿ ಜೀವ ತೆಗೆದನೆಂದು ಕೆಲವು ವರ್ಷಗಳ ಸಜೆಯಾಯಿತು. ಜೈಲಿಗೆ ಭೆಟ್ಟಿಗೆ ಹೋದಾಗ ನಾನು ಅವನ ಮೇಲೆ ಹರಿಹಾಯ್ದೆ. ನಿನ್ನ ಖರೆಯಿಂದ ಹುಡುಗ ತಿರುಗಿ ಬಂದನೇ, ಕಾಕಿಗೆ ಗಂಡ ಉಳಿದನೇ, ಯಾರಿಗೆ ಏನು ಸಿಕ್ಕಿತು ಹೇಳು ಎಂದೆ. ಈ ವರ್ಷವೂ ಮಾವ ನನ್ನ ಹೊಲದಲ್ಲೇ ಕುರಿ ತರುಬಿದ್ದಾನೇನು ಎಂದು ಕಾಕಾ ಕೇಳಿದ. ತರುಬಿದ್ದಾನೆ ಎಂದೆ. ಜಾಳಿಗೆಯ ಆಚೆ ಮುಖ ಮುಚ್ಚಿಕೊಂಡು ಅತ್ತ.

ಜೈಲಿನ ಎರಡನೆಯ ಮಳೆಗಾಲದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಹೆಣ ಐಗಳಿಗೆ ಬಂದಾಗ ಮೊದಲು ಹೆಗಲು ಕೊಟ್ಟವನು ಮಾವ. ಕಾಕಿ ತೋಟ ಮಾರಿ ತವರಿಗೆ ಹೋದಳು. ನನಗೆ ಅವನಿಂದ ಬಂದದ್ದು ಒಂದು ತೊಂದರೆ ಮಾತ್ರ: ಯಾವ ವಾದ ಗೆದ್ದರೂ ಈಗ ಸುಮ್ಮನೆ ನಿದ್ದೆ ಬರುವುದಿಲ್ಲ.

ಊರಿನ ಕತೆ ಮಾತ್ರ ನಿಂತಿಲ್ಲ, ಬೆಳೆಯುತ್ತಿದೆ. ಈಚೆಗೆ ಅದರಲ್ಲಿ ಹುಡುಗನ ಕೈಗೆ ಕೊಡಲಿಯೂ ಬಂದಿದೆ, ಅವನು ಕಾಕಾನ ಮೇಲೆ ಎರಗಿದ್ದೂ ಸೇರಿದೆ. ಚಹಾದಂಗಡಿಯಲ್ಲಿ ಕಾಕಾನ ಮೇಲಿನ ಪ್ರೀತಿಗೇ ಅದನ್ನು ಹೇಳುತ್ತಾರೆ. ಮಾವ ಅಲ್ಲೇ ಕೂತು ಕೇಳುತ್ತಾನೆ. ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಮೊನ್ನೆ ಅವನು ಅಂಗಡಿಯಿಂದ ಎದ್ದು ಹೊರಟಾಗ ಹಿಂದೆಯೇ ಹೋಗಿ ರಸ್ತೆಯಲ್ಲಿ ನಿಲ್ಲಿಸಿ ಕೇಳಿದೆ:

'ಮಾವಾ, ನಿನ್ನ ಮಗಗ ದರೋಡೆಖೋರ ಅನ್ನೂ ಹೆಸರು ಬರಬಾರದಂತ ಒಬ್ಬಾಂವ ಜೈಲಿನ್ಯಾಗ ಸತ್ತ. ಅದು ಸುಳ್ಳಂತ ನೀಯಾದ್ರೂ ಯಾಕ ಹೇಳವಲ್ಲಿ?'