ಬಂದ್ನಿ ಎಂದು ಬಾರದ ಬಾಣ

ಕನ್ನಡದಲ್ಲಿ ‘ಬಂದೆ’ ಎಂಬುದರಷ್ಟು ಧಾರಾಳವಾಗಿ ಸುಳ್ಳು ಹೇಳುವ ಭೂತಕಾಲ ಇನ್ನೊಂದಿಲ್ಲ. ಹೆಂಡತಿ ಕರೆದಾಗ ನಾನು ‘ಬಂದ್ನಿ’ ಎಂದು ಗಟ್ಟಿಯಾಗಿ ಉತ್ತರಿಸುತ್ತೇನೆ. ಆ ಕ್ಷಣದಲ್ಲಿ ಕುರ್ಚಿಯಿಂದ ಏಳುವುದಿರಲಿ, ಏಳುವ ಆಲೋಚನೆಯೂ ಆರಂಭವಾಗಿರುವುದಿಲ್ಲ. ಈ ವಿದ್ಯೆ ನನ್ನೊಬ್ಬನ ಸೊತ್ತೆಂದು ಬೀಗುತ್ತಿದ್ದೆ. ನಮ್ಮ ಲ್ಯಾಪ್‌ಟಾಪಿನ ಮೌಸೂ ಅದನ್ನು ಕರಗತ ಮಾಡಿಕೊಂಡಿದೆಯೆಂದು ತಿಳಿದದ್ದು ಇತ್ತೀಚೆಗೆ.

ನಾವಿರುವುದು ಗಡಿಯಾಚೆಯ ನೇಕಾರರ ಊರು ಇಚಲಕರಂಜಿಯಲ್ಲಿ. ನನ್ನ ಹೆಂಡತಿ ಶೋಭಾ ಇಷ್ಟು ವರ್ಷ ಬೇರೆಯವರ ಸೀರೆ ಡಿಸೈನುಗಳನ್ನು ತಿದ್ದಿಕೊಡುತ್ತಿದ್ದವಳು, ಮೊದಲ ಸಲ ತನ್ನದೇ ಒಂದು ಮಾವಿನಕಾಯಿ ಅಂಚನ್ನು ಕಲ್ಪಿಸಿದ್ದಳು. ಸಂಜೆಯೊಳಗೆ ಕಳಿಸಿದರೆ ಅದನ್ನೇ ನೇಯುತ್ತೇವೆ, ಇಲ್ಲದಿದ್ದರೆ ಹಳೆಯ ಗಿಳಿಯಂಚೇ ಮುಂದುವರಿಯುತ್ತದೆ ಎಂದು ಶಹಾಪುರದ ಮಗ್ಗದ ಮಾಲೀಕರು ಹೇಳಿದ್ದರು. ಅವಳ ಡಿಸೈನ್ ತಂತ್ರಾಂಶವೋ ಹಳೆಯ ಕಾಲದ್ದು, ಹೊಸ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ಅದಕ್ಕೆಂದೇ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಇನ್ನೊಂದು ಹಳೆಯ ಕಂಪ್ಯೂಟರಿನ ಭ್ರಮೆಯನ್ನು ಹುಟ್ಟಿಸುವ ವರ್ಚುವಲ್ ಮಶೀನ್ ಎಂಬ ಮಾಯೆಯನ್ನು ನಾನೇ ಸ್ಥಾಪಿಸಿದ್ದೆ.

ಆ ಮಾಯಾಲೋಕದಲ್ಲಿ ಕೈ ಮುಂದೆ ಹೋದರೆ ಪರದೆಯ ಬಾಣ ‘ಬಂದ್ನಿ’ ಎಂದು ಅಲ್ಲೇ ಕೂರುತ್ತಿತ್ತು; ಆಮೇಲೆ ಒಮ್ಮೆಲೇ ಧಾವಿಸಿ ಗೆರೆ ದಾಟಿಬಿಡುತ್ತಿತ್ತು. ಹೀಗಾಗಿ ಮಾವಿನಕಾಯಿಗೆ ಉದ್ದನೆಯ ಬಾಲ ಮೂಡಿತು. ಮೌಸು ತನ್ನ ಭಾವಚಿತ್ರವನ್ನು ತಾನೇ ಬರೆದುಕೊಂಡಂತಿತ್ತು.

“ಏನ್ರಿ ಇದು, ಮಾವಿನಕಾಯೋ ಇಲಿಯೋ? ನನ್ನ ಪೈಲಾ ಅಂಚರಿ ಇದು. ಸಂಜೀಕ ಮುಗೀಲಿಲ್ಲಂದ್ರ ಹೋತು,” ಎಂದಳು. ನನಗೂ ಸಂಕಟವಾಯಿತು.

ಮೌಸಿನ ಸೆಲ್ ಬದಲಿಸಿದೆ, ಹೊಟ್ಟೆ ಒರೆಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಸೆಟ್ಟಿಂಗ್ಸ್ ತೆರೆದರೆ ಹೊರಗಿನ ಯಂತ್ರಕ್ಕೆ ಹೋಸ್ಟ್ ಎಂದೂ ಒಳಗಿನದಕ್ಕೆ ಗೆಸ್ಟ್ ಎಂದೂ ಹೆಸರಿತ್ತು. ಅತಿಥಿ ಎಂದೊಡನೆ ನನ್ನ ಹುಟ್ಟೂರು ಗಡಹಿಂಗ್ಲಜದ ರಕ್ತ ಉಕ್ಕಿತು. ನಮ್ಮವ್ವ, ಬಂದವರು ಸಾಕೆಂದು ತಾಟಿಗೆ ಎರಡೂ ಕೈ ಅಡ್ಡ ಹಿಡಿದರೆ, ಬೆರಳ ಸಂದಿನಲ್ಲೇ ಹೋಳಿಗೆ ತೂರಿಸುತ್ತಿದ್ದವಳು. ಅವಳ ಮಗನಾದ ನಾನು ಲ್ಯಾಪ್‌ಟಾಪಿನ ಮೆಮರಿಯಲ್ಲಿ ಮುಕ್ಕಾಲು ಪಾಲನ್ನು ಮೊದಲೇ ಅತಿಥಿಗೆ ಬಡಿಸಿದ್ದೆ. ಪಾಪ, ಸಾಲದಾಗಿರಬೇಕೆಂದು ಉಳಿದದ್ದನ್ನೂ ಹೆಚ್ಚುಕಡಿಮೆ ಸುರಿದೆ. ಬಾಣ ‘ಬಂದ್ನಿ’ ಎನ್ನುವುದನ್ನೂ ನಿಲ್ಲಿಸಿತು.

ನಾನು ಮಾಡಿದ್ದನ್ನು ವಿವರಿಸಿದಾಗ ಶೋಭಾ ಅಳುವುದೋ ನಗುವುದೋ ತಿಳಿಯದೆ ಹಣೆ ಹಣೆ ಬಡಿದುಕೊಂಡಳು.

“ಪಾವ್ಣೇರಿಗೆ ಬಡಸ್ರಿ, ಬ್ಯಾಡ ಅನ್ನೂದಿಲ್ಲ. ಅಡಿಗಿ ಮಾಡಾಕಿಗೂ ಒಂದೀಟ ಉಳಸ್ರಿ! ಆಕಿನ ಉಪಾಸ ಬಿದ್ರ ಬಡಸಾವ್ರು ಯಾರು?”

ಅತಿಥಿಯ ಪಾಲನ್ನು ಅರ್ಧಕ್ಕಿಳಿಸಿ, ಉಳಿದರ್ಧವನ್ನು ಬಡಿಸುವ ಹೋಸ್ಟಿಗೇ ಬಿಟ್ಟು ಮತ್ತೆ ಚಾಲೂ ಮಾಡಿದೆ. ಬಾಣ ಅವಳ ಕೈಗೆ ಅಂಟಿಕೊಂಡಂತೆ ಓಡಿತು. ಮಾವಿನಕಾಯಿಯ ಬಾಲ ಉದುರಿತು, ಹೊತ್ತು ಮುಳುಗುವ ಮುಂಚೆ ಅಂಚು ಶಹಾಪುರ ಸೇರಿತು.

ಗೆದ್ದ ಹಮ್ಮಿನಲ್ಲಿ ಫ್ಯಾನಿನ ಕೆಳಗೆ ಕುಳಿತಾಗ ಒಂದು ಅನುಮಾನ ಬಂತು. ಮನೆಯ ಏಕೈಕ ಮೇಜು ನನ್ನದು, ಫ್ಯಾನಿನ ಗಾಳಿ ನನ್ನದು, ಮೊದಲ ಬಿಸಿ ರೊಟ್ಟಿಯೂ ನನ್ನದೇ. ಅವಳು ಚಿತ್ತಾರ ಬಿಡಿಸುವುದು ಇವೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ. ಈ ಮನೆಯ ಮುಕ್ಕಾಲು ಮೆಮರಿ ಉಂಡು ಕುಳಿತ ಅತಿಥಿ ಯಾರೆಂದು ತಿಳಿಯಲು ಸೆಟ್ಟಿಂಗ್ಸ್ ತೆರೆಯಬೇಕಾಗಿರಲಿಲ್ಲ. ನಾಚಿಕೆಯಾಯಿತು. ಮರುದಿನ ಮೇಜು ಅವಳದಾಯಿತು.

ಮೊನ್ನೆ ಆ ಅಂಚಿನ ಮೊದಲ ಸೀರೆ ಮನೆಗೆ ಬಂತು. ಅದನ್ನು ಮೇಜಿನ ಮೇಲೆ ಹರವಿಕೊಂಡು ಶೋಭಾ “ರೀ” ಎಂದು ಕರೆದಳು. ನಾನು ‘ಬಂದ್ನಿ’ ಎನ್ನಲಿಲ್ಲ, ನೇರ ಹೋಗಿ ಅವಳ ಬೆನ್ನ ಹಿಂದೆ ನಿಂತೆ. ಅವಳು ಸೀರೆಯಿಂದ ಕಣ್ಣೆತ್ತದೆ, ಇಷ್ಟು ವರ್ಷಗಳ ಅಭ್ಯಾಸದಂತೆ, ಇನ್ನೂ ಗಟ್ಟಿಯಾಗಿ ಎರಡನೆಯ ಸಲ ಕರೆದಳು.