ಬರೆದಿಟ್ಟ ಕುಸ್ತಿಯ ಸುಖ

ಕಳೆದ ತಿಂಗಳು ವಿಜಯವಾಡದ ಪಟಮಟದಲ್ಲಿ, ನಮ್ಮಕ್ಕನ ಮನೆಯ ಹಾಲಿನಲ್ಲಿ ಕೂತು, ನಾನು ಟೀವಿಯೊಳಗಿನ ಒಬ್ಬ ಅಪರಿಚಿತ ಗಂಡಸಿಗೆ "ಹಿಂದೆ ನೋಡೋ, ದಡ್ಡ!" ಎಂದು ಕೂಗಿಬಿಟ್ಟೆ. ಆ ಗಂಡಸು ಹಸಿರು ಚಡ್ಡಿಯೊಂದನ್ನು ಬಿಟ್ಟರೆ ಬೇರೇನೂ ತೊಟ್ಟಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನನಗೆ ಪೋಸ್ಚರ್ ಕಲಿಸಿದ ಮದರ್ ಸುಪೀರಿಯರ್ ಸ್ವರ್ಗದಿಂದ ನೋಡುತ್ತಿದ್ದರೆ ಶಿಲುಬೆಯ ಗುರುತು ಮಾಡಿಕೊಂಡಿರಬೇಕು. ಲೇಡಿಯಾದವಳು ಕೂಗಬಾರದು ಎನ್ನುವುದು ಅವರ ಪಾಲಿಗೆ ಹನ್ನೊಂದನೆಯ ಕಮ್ಯಾಂಡ್‌ಮೆಂಟ್. ಚಡ್ಡಿ ತೊಟ್ಟ ಗಂಡಸರ ಬಗ್ಗೆ ಮಾತ್ರ ಅವರು ಏನೂ ಹೇಳಿಕೊಟ್ಟಿರಲಿಲ್ಲ. ಅಂಥ ಸಂದರ್ಭ ನಮಗೆ ಬರಬಹುದೆಂದು ಅವರಿಗೆ ಹೊಳೆದಿರಲಾರದು.

ನಾನು ಹೇಳುತ್ತಿರುವುದು ಪ್ರೊಫೆಷನಲ್ ರೆಸ್ಲಿಂಗ್ ಎಂಬ ಅದ್ಭುತದ ವಿಷಯ. ದೀಪಗಳು ಮಿನುಗುತ್ತವೆ, ಸಂಗೀತ ಹೊಡೆದುಕೊಳ್ಳುತ್ತದೆ, ಬಾಗಿಲ ಚೌಕಟ್ಟಿನಷ್ಟು ಅಗಲದ ಇಬ್ಬರು ಬಂದು ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಾರೆ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟಿರುತ್ತಾರೆ. ಇದು ಗುಟ್ಟೇನಲ್ಲ. ನೋಡುವ ಮಕ್ಕಳಿಗೂ ಗೊತ್ತು. ಹಾಗಿದ್ದರೂ ಬುದ್ಧಿ ಬಲಿತ, ಬಿಪಿ ಮಾತ್ರೆ ನುಂಗುವ ಹಿರಿಯರು ಮುಷ್ಟಿ ಬಿಗಿಹಿಡಿದು ನೋಡುತ್ತಾರೆ. ಏಕೆ? ವಿಶಾಖಪಟ್ಟಣದಿಂದ ಅಕ್ಕನ ಆರೈಕೆಗೆಂದು ಬಂದ ನಾನು, ಆರೈಕೆಯ ನಡುವೆ ಈ ಪ್ರಶ್ನೆಯನ್ನು ಹಲ್ಲಿಗೆ ಸಿಕ್ಕ ಏಲಕ್ಕಿಯಂತೆ ಹೊರಳಿಸುತ್ತಾ ಕೂತೆ.

ಅಕ್ಕ ಸರೋಜ ನನಗಿಂತ ದೊಡ್ಡವಳು. ನಾನು ನೇವಿಯವರನ್ನು ಮದುವೆಯಾಗಿ ವಿಶಾಖಪಟ್ಟಣದ ಸಮುದ್ರ ಸೇರಿದೆ. ಅವಳು ರೈಲ್ವೆಯವರನ್ನು ಮದುವೆಯಾಗಿ ವಿಜಯವಾಡದ ಜಂಕ್ಷನ್ ಸೇರಿದಳು. ನನ್ನವರೂ ಹೋದರು, ಭಾವನೂ ಹೋದರು, ನಾವಿಬ್ಬರೂ ಬಂದ ಕಡೆಯೇ ಉಳಿದೆವು. ಈ ವರ್ಷ ಅವಳು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಗವರ್ನರ್‌ಪೇಟೆಯ ಅಂಗಡಿಯಿಂದ ಹೊಳೆಯುವ ವಾಕರ್ ಬಂತು. ಅಕ್ಕ ಅದರ ಮೇಲೆ ತನ್ನ ಟವೆಲ್ಲು ಒಣಹಾಕಿದಳು.

ಅಷ್ಟೇ ಅದರ ಉಪಯೋಗ. ನಡೆ ಎಂದರೆ ನಾಳೆ ಎನ್ನುತ್ತಿದ್ದಳು. ನಾಳೆ ಬಂದರೆ ಮೋಡವಾಗಿದೆ, ಮಂಡಿ ಹಿಡಿದಿದೆ, ಏಕಾದಶಿ. ದಿನಾ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಸವಿತಾ ಗದಗಿನ ಕಡೆಯವಳು, ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಅವಳು ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ಎಲುಬು ಚಲೋ ಕೂಡೈತ್ರೀ ಅಮ್ಮಾರ. ಅಜ್ಜಿಗೆ ಅಂಜಿಕಿ ಬಿಟ್ರ ಬ್ಯಾರೆ ಏನೂ ಇಲ್ಲ. ಆದ್ರ ಈಗ ನಡೀಲಿಲ್ಲಂದ್ರ ಮುಂದ ಖಾಯಂ ಹಾಸಿಗೀನ ನೋಡ್ರಿ."

ನಾನು ಹಾಲಿಗೆ ಬಂದು ವಾಕರನ್ನು ಸೋಫಾದ ಹತ್ತಿರಕ್ಕೆ ಸರಿಸಿಟ್ಟೆ. ಅಕ್ಕ ಮಾತ್ರ ಸೋಫಾದಲ್ಲಿ ದಿಂಬಿಗೆ ಒರಗಿ ಸಂಜೆಯ ಕುಸ್ತಿಗೆ ಕಾಯುತ್ತಿದ್ದಳು.

ಕುಸ್ತಿಗೆ ಅವಳ ಜೊತೆಗಾರರು ಪಕ್ಕದ ಮನೆಯ ಸುಬ್ಬಾರಾವ್ ಗಾರು. ಬಳ್ಳಾರಿಯಲ್ಲಿ ಬಹುಕಾಲ ನೌಕರಿ ಮಾಡಿದವರು, ಹಾಗಾಗಿ ಕನ್ನಡ ಬರುತ್ತದೆ, ಪ್ರತಿ ವಾಕ್ಯದ ಬಾಲಕ್ಕೆ ತೆಲುಗಿನ 'ಅಂಡಿ' ಎಂಬ ಮರ್ಯಾದೆಯನ್ನು ಕಟ್ಟಿಕೊಂಡು ಬರುತ್ತದೆ. ಅಕ್ಕ ಹಸಿರು ಚಡ್ಡಿಯವನ ಪಕ್ಷ. ಅವನು ಒಳ್ಳೆಯವನು, ಸೋತವರಿಗೆ ಕೈಕೊಟ್ಟು ಎಬ್ಬಿಸುತ್ತಾನೆ. ಸುಬ್ಬಾರಾವ್ ಗಾರು ಜುಟ್ಟಣ್ಣನ ಪಕ್ಷ. ಈ ಹೆಸರು ಅಕ್ಕನೇ ಇಟ್ಟದ್ದು. ನೆತ್ತಿಯ ಮೇಲೆ ಜುಟ್ಟು ಕಟ್ಟಿದ ಆ ಧಾಂಡಿಗ ಮಡಚುವ ಕುರ್ಚಿ ತಂದು ಎದುರಾಳಿಯ ಬೆನ್ನಿಗೆ ಬಾರಿಸುತ್ತಾನೆ. ಸುಬ್ಬಾರಾವ್ ಗಾರಂಥ ಸಾಧು ಮನುಷ್ಯ, ತರಕಾರಿಯವಳ ಹತ್ತಿರ ಚೌಕಾಸಿ ಮಾಡಲೂ ಸಂಕೋಚಪಡುವವರು, ಅಂಥ ರಾಕ್ಷಸನ ಪಕ್ಷ ಏಕೆ? ಕೇಳಿದೆ. ಅವರು ನಾಚಿಕೊಂಡು, "ಜನ್ಮವೆಲ್ಲಾ ಒಳ್ಳೆಯವನಾಗಿ ಇದ್ದು ಸಾಕಾಗೈತಂಡಿ" ಎಂದರು.

ಒಳ್ಳೆಯತನದಿಂದ ಒಂದಿಷ್ಟು ರಜೆ ಬೇಕಾದವರು ಇದನ್ನು ನೋಡುತ್ತಾರೆ ಎಂಬ ನನ್ನ ಮೊದಲ ಥಿಯರಿ ಇಲ್ಲಿಂದಲೇ ಹುಟ್ಟಿತು. ಆದರೆ ಅದು ಅಕ್ಕನಿಗೆ ಹೊಂದಲಿಲ್ಲ. ಅಕ್ಕ ಜನ್ಮವೆಲ್ಲ ಅಷ್ಟೇನೂ ಒಳ್ಳೆಯವಳಾಗಿ ಇರಲಿಲ್ಲ.

ಎರಡನೆಯದು ಸ್ವಲ್ಪ ಲರ್ನೆಡ್ ಆದದ್ದು. ಮೈಸೂರಿನಲ್ಲಿ ಗರಡಿಯ ನಿಜವಾದ ಕುಸ್ತಿಯನ್ನು ಅಪ್ಪನ ಸ್ನೇಹಿತರ ಮನೆಯ ತಾರಸಿಯಿಂದ ನೋಡಿದ್ದೆವು. ಹೆಣ್ಣುಮಕ್ಕಳು ಹತ್ತಿರ ಹೋಗುವಂತಿರಲಿಲ್ಲ. ನಿಜ ಹೇಳುತ್ತೇನೆ, ಬಹಳ ಬೋರು. ಕೆಂಪುಮಣ್ಣು ಮೆತ್ತಿಕೊಂಡ ಇಬ್ಬರು ಒಬ್ಬರ ಕತ್ತನ್ನೊಬ್ಬರು ಹಿಡಿದು, ಬಹಳ ಹಿಂದೆ ಅಗಲಿದ ಅಣ್ಣತಮ್ಮಂದಿರಂತೆ, ಅಲುಗಾಡದೆ ನಿಂತಿರುತ್ತಿದ್ದರು. ನಾವು ಕಡಲೆಕಾಯಿ ತಿಂದು ಮುಗಿಸಿದರೂ ಹಾಗೇ. ಆಮೇಲೆ ಥಟ್ಟನೆ ಒಬ್ಬನ ಬೆನ್ನು ನೆಲಕ್ಕೆ ತಾಗಿ ಎಲ್ಲ ಮುಗಿದುಹೋಗುತ್ತಿತ್ತು. ನಿಜಕ್ಕೆ ನೋಡುವವರ ಪರಿವೆ ಇರುವುದಿಲ್ಲ. ಸುಳ್ಳಿಗೆ ಬಹಳ ಇರುತ್ತದೆ. ಸಿಟ್ಟು ಹಿಂದಿನ ಸಾಲಿನವರಿಗೂ ಕಾಣಬೇಕು, ನೋವು ಟಿಕೆಟ್ಟು ಕೊಂಡವರಿಗೆಲ್ಲ ಸಿಗಬೇಕು. ನಮ್ಮ ಹಳೆಯ ಅಲಂಕಾರಶಾಸ್ತ್ರದವರು ರಸವೆಂದದ್ದು ಇದನ್ನೇ ಇರಬೇಕು. ಆದರೆ ಅವರಲ್ಲಿ ಯಾರೂ ಮಡಚುವ ಕುರ್ಚಿಯ ಬಗ್ಗೆ ಬರೆದಂತಿಲ್ಲ.

ನನ್ನವರಿಗೂ ಈ ಕುಸ್ತಿಯ ಹುಚ್ಚಿತ್ತು. ನೇವಿಯ ಕ್ವಾರ್ಟರ್ಸಿನಲ್ಲಿ ಯೂನಿಫಾರ್ಮ್ ಬಿಚ್ಚಿ ಲುಂಗಿ ಉಟ್ಟು ಟೀವಿಯ ಮುಂದೆ ಕೂತರೆಂದರೆ ನಾನು ಮೂಗು ಮುರಿಯುತ್ತಿದ್ದೆ. "ಎಲ್ಲಾ ಫೇಕ್ ಅಲ್ವೇನ್ರೀ?" ಎಂದರೆ, ಕಣ್ಣು ಕೀಳದೆ ಹೇಳುತ್ತಿದ್ದರು: "ಯಾರು ಗೆಲ್ತಾರೆ ಅನ್ನೋದು ಮಾತ್ರ ಬರೆದಿಟ್ಟಿದ್ದು ಕಣೇ. ಬೀಳೋದು ನಿಜ. ಅಷ್ಟು ಎತ್ತರದಿಂದ ಸುಳ್ಳುಸುಳ್ಳು ಬೀಳೋದು ಹೇಗೆ, ನೀನೇ ತೋರಿಸು ನೋಡೋಣ."

ಅಂಥ ಬರೆದಿಟ್ಟ ಆಟವೊಂದರಲ್ಲಿ ಅವರೇ ಒಮ್ಮೆ ಬಿದ್ದರು, ಅದೂ ದೇವರ ಎದುರಿಗೆ. ವಿಶಾಖಪಟ್ಟಣಕ್ಕೆ ನಾವು ಹೊಸದು. ಸಿಂಹಾಚಲದ ಬೆಟ್ಟದಲ್ಲಿ ಸ್ವಾಮಿಯ ಕಲ್ಯಾಣದ ದಿನಗಳಲ್ಲಿ ಒಂದು ಆಟವುಂಟು. ಸ್ವಾಮಿಯ ಉಂಗುರ ಕಳೆದುಹೋಗಿದೆ, ಅಮ್ಮನವರಿಗೆ ಕೋಪ ಬಂದಿದೆ, ಕಳ್ಳನನ್ನು ಹಿಡಿಯಿರಿ ಎಂದು ಅರ್ಚಕರು ಹಗ್ಗ ಹಿಡಿದು ಭಕ್ತರ ನಡುವೆ ನುಗ್ಗುತ್ತಾರೆ. ಯಾರನ್ನಾದರೂ ಎಳೆದು ತಂದು ವಿಚಾರಣೆ ಮಾಡುತ್ತಾರೆ, ಎಲ್ಲರೂ ನಗುತ್ತಾರೆ, ಉಂಗುರ ಸಿಗುತ್ತದೆ, ಸ್ವಾಮಿಗೂ ಅಮ್ಮನವರಿಗೂ ರಾಜಿ. ನನ್ನವರಿಗೆ ಇದೊಂದೂ ಗೊತ್ತಿಲ್ಲ, ತೆಲುಗು ಮೊದಲೇ ಬಾರದು. ಹಗ್ಗ ಅವರ ಸೊಂಟಕ್ಕೇ ಬಿತ್ತು. ಉಂಗುರ ಕದ್ದವನು ನೀನೇ ಎಂದು ಜನರೆದುರು ಅರ್ಚಕರು ಗದರಿದಾಗ, ಈ ಮಹಾಶಯ ಬಿಳಿಚಿಕೊಂಡು ಜೇಬುಗಳನ್ನೆಲ್ಲ ಹೊರಗೆಳೆದು ತೋರಿಸಿ, ಕೊನೆಗೆ ನೇವಿಯ ಐಡೆಂಟಿಟಿ ಕಾರ್ಡನ್ನೂ ಮುಂದೆ ಹಿಡಿದರು! ಅರ್ಚಕರು ಅದನ್ನು ಗಂಭೀರವಾಗಿ ತಿರುಗಿಸಿ ನೋಡಿ, ಸಮುದ್ರ ಕಾಯುವವನೇ ಸ್ವಾಮಿಯ ಉಂಗುರ ಕದ್ದನಲ್ಲಾ ಎಂದರಂತೆ. ಪಕ್ಕದ ಮುದುಕಿಯೊಬ್ಬಳು ನನಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವ ಹೊತ್ತಿಗೆ ಮಂಟಪವೆಲ್ಲ ನಗುತ್ತಿತ್ತು. ಇವರು ಜೇಬುಗಳನ್ನು ಒಳಗೆ ತುರುಕಿಕೊಂಡು ಸರಸರನೆ ಬೆಟ್ಟ ಇಳಿದರು.

ಸ್ವಾರಸ್ಯ ಇರುವುದು ಮುಂದೆ. ಮರುವರ್ಷ ಇಸ್ತ್ರಿ ಮಾಡಿದ ರೇಷ್ಮೆ ಪಂಚೆ ಉಟ್ಟು, ನನ್ನನ್ನು ಅವಸರ ಮಾಡಿ ಹೊರಡಿಸಿಕೊಂಡು ಹೋಗಿ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ನಿಂತರು. ಅರ್ಚಕರು ಇವರನ್ನು ದಾಟಿಹೋಗಿ ಹಿಂದಿನ ಯಾವನೋ ಬಡಕಲನನ್ನು ಹಿಡಿದರು. ಇವರಿಗೆ ಎಷ್ಟು ಬೇಸರವಾಯಿತೆಂದರೆ, ಬೆಟ್ಟ ಇಳಿಯುವಾಗ, "ನನ್ನ ಮುಖದಲ್ಲಿ ಕಳ್ಳತನದ ಕಳೆ ಕಮ್ಮಿ ಆಗಿದೆಯೇನೇ?" ಎಂದು ಕೇಳಿದರು.

ಅಕ್ಕನ ಮದುವೆಯ ಕಾಶಿಯಾತ್ರೆಯೂ ಹೀಗೇ. ಮದುಮಗ ಸಂಸಾರ ಬೇಡವೆಂದು ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ, ಹೆಣ್ಣಿನ ಅಪ್ಪ ಓಡಿಬಂದು, ಬೇಡಪ್ಪಾ, ನನ್ನ ಮಗಳನ್ನು ಕೊಡುತ್ತೇನೆ ಎಂದು ತಡೆಯುತ್ತಾನೆ. ಯಾವ ಗಂಡೂ ಈವರೆಗೆ ಕಾಶಿ ತಲುಪಿಲ್ಲ. ಆದರೆ ನಮ್ಮ ಅಪ್ಪ ಆ ಹೊತ್ತಿಗೆ ಸರಿಯಾಗಿ, ಹುಳಿಗೆ ಉಪ್ಪು ಹೆಚ್ಚಾಯಿತೆಂದು ಅಡಿಗೆಯವರ ಜೊತೆ ಜಗಳಕ್ಕೆ ನಿಂತಿದ್ದರು. ಭಾವ ಛತ್ರದ ಮೆಟ್ಟಿಲಿಳಿದರು, ಗೇಟು ದಾಟಿದರು, ಬೀದಿಯ ತಿರುವಿಗೆ ಬಂದರು. ತಡೆಯುವವರಿಲ್ಲ. ಪಾಪ, ಕೊಡೆ ಬಿಚ್ಚಿಕೊಂಡು ದೀಪದ ಕಂಬದ ಕೆಳಗೆ ನಿಂತು ತಿರುತಿರುಗಿ ನೋಡುತ್ತಿದ್ದರು. ಮೇಲಿನ ಕಿಟಕಿಯಿಂದ ಅಕ್ಕ ಅದನ್ನು ನೋಡಿದಳು. ಆಮೇಲೆ ಅಪ್ಪ ಹುಳಿಯ ಸೌಟಿನೊಂದಿಗೇ ಓಡಿದರೆನ್ನಿ. ಅಷ್ಟು ವರ್ಷ ಸಂಸಾರ ಮಾಡಿದ ಮೇಲೂ ಆ ಮುಖ ನೆನೆಸಿಕೊಂಡರೆ ಅಕ್ಕನಿಗೆ ನಗು, ನಗುತ್ತಾ ನಗುತ್ತಾ ಕಣ್ಣೊರೆಸಿಕೊಳ್ಳುವುದು.

ಕುಸ್ತಿಯಿಂದ ದೂರ ಬಂದೆ. ನನ್ನನ್ನು ಕಾಡಿದ ಇನ್ನೊಂದು ವಿಷಯ ಆ ರೆಫರಿಯದು. ಜುಟ್ಟಣ್ಣ ಕುರ್ಚಿ ಎತ್ತುವ ಕ್ಷಣಕ್ಕೆ ಸರಿಯಾಗಿ ಅವನು ಬೇರೆಲ್ಲೋ ನೋಡುತ್ತಿರುತ್ತಾನೆ. ಪ್ರತಿ ಸಲವೂ! ಸಂಬಳ ಕೊಟ್ಟಿರುವುದೇ ನೋಡುವುದಕ್ಕೆ, ಅವನು ನೋಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾನೆ. "ಇವನು ಮನುಷ್ಯನಾ ಕಂಬವಾ?" ಎಂದು ನಾನು ಸಿಡುಕಿದರೆ ಅಕ್ಕ ನನ್ನನ್ನೇ ಗದರುತ್ತಿದ್ದಳು: "ಅವನು ನೋಡಿಬಿಟ್ರೆ ಆಟ ನಿಂತು ಹೋಗುತ್ತಲ್ಲೇ ಕಮಲಿ. ಸುಮ್ನೆ ಕೂತ್ಕೋ."

ಒಂದು ಸಂಜೆ ಹಸಿರು ಚಡ್ಡಿಯವನು ಬಿದ್ದು ಏಳಲಾರದೆ ಹೊರಳುತ್ತಿದ್ದ. ಅಕ್ಕ ಸೋಫಾದ ಕೈ ಕುಟ್ಟುತ್ತಾ, "ಏಳೋ! ಏಳೋ ಮುಂಡೇದೇ! ಏನಾಗಿದೆ ನಿನಗೆ?" ಎಂದು ಕೂಗುತ್ತಿದ್ದಳು. ಬ್ಯಾಗು ಹೆಗಲಿಗೇರಿಸಿ ಹೊರಟಿದ್ದ ಸವಿತಾ ಬಾಗಿಲಲ್ಲೇ ನಿಂತು ಇದನ್ನು ನೋಡಿದಳು. ನನ್ನನ್ನು ಮತ್ತೆ ಅಡುಗೆಮನೆಗೆ ಎಳೆದಳು. "ಅಮ್ಮಾರ, ನಾ ಇಷ್ಟು ದಿನ ಕೈಮುಗುದು ಕೇಳಿದ್ದ ತಪ್ಪಾತ್ರಿ. ಅಜ್ಜಿಗೆ ಒಬ್ಬ ಜುಟ್ಟಣ್ಣ ಬೇಕಾಗ್ಯಾನ."

ಪಾತ್ರ ಸುಬ್ಬಾರಾವ್ ಗಾರಿಗೆ ಬಿತ್ತು. ವರಾಂಡದಲ್ಲಿ ಅಕ್ಕನ ಬೆತ್ತದ ಕುರ್ಚಿಯೊಂದಿದೆ. ಅದರಲ್ಲಿ ಕೂತರೆ ಬಸ್ ಸ್ಟಾಪು, ಸ್ಕೂಲು ಬಿಟ್ಟ ಮಕ್ಕಳು, ಎದುರು ಮನೆಯ ಸೊಸೆಯ ಓಡಾಟ ಎಲ್ಲ ಕಾಣುತ್ತದೆ. ಭಾವ ತಂದದ್ದು, ಅದರಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಅದನ್ನು ಅವರು ಆಕ್ರಮಿಸಬೇಕು, ಹಾಲಿನ ಕಡೆ ತಿರುಗಿ ಅಕ್ಕನನ್ನು ಮೂದಲಿಸಬೇಕು. ರಿಹರ್ಸಲ್ ಅವರ ಮನೆಯಲ್ಲೇ ಆಯಿತು, ಬಹಳ ಕೆಟ್ಟದಾಗಿ ಆಯಿತು. ಪಾಪದ ಮನುಷ್ಯನ ಬಾಯಲ್ಲಿ ಬೈಗುಳವೂ ಕೈಮುಗಿದುಕೊಂಡೇ ಹೊರಡುತ್ತಿತ್ತು. ನನಗೆ ಸವಿತಾ ಕೊಟ್ಟ ಪಾರ್ಟು ರೆಫರಿಯದು. "ನೀವು ನೋಡಬ್ಯಾಡ್ರಿ ಅಮ್ಮಾರ. ನೀವು ನೋಡಿದ್ರ ಕೈ ಕೊಡ್ತೀರಿ, ನೀವು ಕೈ ಕೊಟ್ರ ಅಜ್ಜಿ ಅದನ್ನ ಹಿಡ್ಕೊಂಡು ಕುಂತುಬಿಡ್ತಾರ. ಹಿಂದ ನಾ ಇರ್ತೀನಿ, ಬೀಳಾಕ ಬಿಡಂಗಿಲ್ಲ."

ಮರುದಿನ ಸಂಜೆ ವರಾಂಡದಿಂದ ಗುಡುಗು ಕೇಳಿಸಿತು. ಗುಡುಗು ಎಂದು ನಾನು ಹೇಳುತ್ತಿದ್ದೇನೆ, ಅಸಲಿಗೆ ಅದು ಕೆಮ್ಮಿನಿಂದ ಶುರುವಾಯಿತು. "ಸರೋಜಮ್ಮ ಗಾರೂ! ಈ ಕುರ್ಚಿ ಇವತ್ತಿನಿಂದ ನಂದಂಡಿ! ನಿಮ್ ಕೈಲಿ ಇಲ್ಲೀಗಂಟ ಬರಾಕ ಆಗಾದಿಲ್ಲಂಡಿ! ನೀವು... ನೀವು ಸೋತುಬಿಟ್ರಂಡಿ!"

ಅಕ್ಕ ಟೀವಿಯ ದನಿ ಇಳಿಸಿದಳು. "ಯಾರು? ಯಾರ ಕುರ್ಚಿ?"

"ನಂದೇ ಅಂಡಿ!"

"ಕಮಲೀ, ಏನಂತಾನೆ ಅವನು?"

ಸುಬ್ಬಾರಾವ್ ಗಾರನ್ನು ಅಕ್ಕ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ಕೇಳಿಸಲಿಲ್ಲವೆಂಬಂತೆ ಗೋಡೆಯ ಕಡೆ ತಿರುಗಿ, ಭಾವನ ಫೋಟೋಕ್ಕೆ ಹಾಕಿದ್ದ ಗಂಧದ ಹಾರವನ್ನು ಸರಿಪಡಿಸತೊಡಗಿದೆ. ಹಿಂದೆ ಟವೆಲ್ಲು ನೆಲಕ್ಕೆ ಬಿದ್ದ ಸದ್ದು. ವಾಕರಿನ ರಬ್ಬರು ಕಾಲು ನೆಲಕ್ಕೆ ಊರಿದ ಸದ್ದು. ಅಕ್ಕನ ಉಸಿರು. ಒಮ್ಮೆ, "ಅಯ್ಯಮ್ಮಾ." ನನ್ನ ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಅದನ್ನು ಹಾರದೊಳಗೆ ಸಿಕ್ಕಿಸಿಟ್ಟುಕೊಂಡೆ. ಈಗ ತಿಳಿಯಿತು ನನಗೆ, ಆ ಅಖಾಡದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾರದೆಂದು. ಏಟು ಹೊಡೆಯುವವನದಲ್ಲ, ತಿನ್ನುವವನದಲ್ಲ.

ಊರುವ ಸದ್ದು ಹಾಲು ದಾಟಿತು, ಹೊಸ್ತಿಲಲ್ಲಿ ನಿಂತಿತು, ಮುಂದೆ ಹೋಯಿತು. ಅಲ್ಲಿ ನಮ್ಮ ಸ್ಕ್ರಿಪ್ಟಿನ ಪ್ರಕಾರ ಖಳನಾಯಕ ಕುರ್ಚಿ ಬಿಡದೆ ಇನ್ನೂ ನಾಲ್ಕು ಮಾತು ಆಡಬೇಕಿತ್ತು. ಆದರೆ ಹೆಂಗಸೊಬ್ಬಳು ಎದುರಿಗೆ ಬಂದು ನಿಂತದ್ದೇ ತಡ, ಅವರು ಧಡಕ್ಕನೆ ಎದ್ದು, ಹೆಗಲ ಮೇಲಿನ ವಸ್ತ್ರದಿಂದ ಕುರ್ಚಿ ಒರೆಸಿ, "ಕೂರ್ಚೋಂಡಿ ಅಮ್ಮಾ, ಕೂರ್ಚೋಂಡಿ" ಎಂದುಬಿಟ್ಟರು. ಸವಿತಾ ಹಣೆ ಚಚ್ಚಿಕೊಂಡಳಂತೆ.

ಈಗ ಅಕ್ಕ ದಿನಾ ವರಾಂಡಕ್ಕೆ ನಡೆಯುತ್ತಾಳೆ, ದಾರಿಯುದ್ದಕ್ಕೂ ನಮ್ಮನ್ನು ಬೈಯುತ್ತಾಳೆ. ನಾನು ವಿಶಾಖಪಟ್ಟಣಕ್ಕೆ ಹೊರಡುವ ಮುಂಚಿನ ಸಂಜೆ ಅವಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಎದುರು ಮನೆಯ ಸೊಸೆಯ ಮೇಲೆ ಕಣ್ಣಿಟ್ಟೇ ಅಕ್ಕ ಹೇಳಿದಳು: "ನಿಮ್ಮ ನಾಟಕಾನ ಇನ್ನೊಂದಿಷ್ಟು ಪ್ರಾಕ್ಟೀಸ್ ಮಾಡ್ಬೇಕಿತ್ತು ಕಣೇ. ಆ ಸುಬ್ಬಾರಾವ್ ಗಾರು ಕುರ್ಚಿ ನಂದು ಅಂದ್ರು, ಅದರ ತುದೀಲಿ ತೆಂಗಿನಕಾಯಿ ಇಟ್ಟ ಹಾಗೆ ಕೂತಿದ್ರು."

"ಗೊತ್ತಿತ್ತಾ ನಿನಗೆ? ಮತ್ತೆ ಯಾಕೆ ಎದ್ದು ಬಂದೆ?"

ಅವಳು ವಾಕರನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡಳು. "ನಿಮ್ಮ ಭಾವ ಅವತ್ತು ಕಂಬದ ಕೆಳಗೆ ನಿಂತಿರಲಿಲ್ವಾ, ಕೊಡೆ ಹಿಡ್ಕೊಂಡು? ಹಾಗೇ ನಾನೂ ನಿಂತಿದ್ದೆ ಅಂದ್ಕೋ. ಯಾರಾದ್ರೂ ಸೌಟು ಹಿಡ್ಕೊಂಡು ಓಡಿಬರಬೇಕಿತ್ತು, ಬಂದ್ರಿ." ಆಮೇಲೆ ನನ್ನ ಕಡೆ ತಿರುಗಿ ಮೂಗು ಮುರಿದಳು. "ಆದರೆ ನೀನು ಒಂದು ಸಲವಾದ್ರೂ ತಿರುಗಿ ನೋಡಲಿಲ್ವಲ್ಲೇ. ಅಷ್ಟು ಕಲ್ಲು ಮನಸ್ಸು ನಿನಗೆ ಎಲ್ಲಿಂದ ಬಂತು? ಆ ಕಾನ್ವೆಂಟಿನಿಂದಾನಾ?"

ನಾನು ಹೂಂ ಎಂದೆ. ಭಾವನ ಫೋಟೋಕ್ಕೆ ಗಾಜು ಹಾಕಿದ್ದಾರೆ, ನಾಟಕದ ದಿನ ಬೆಳಿಗ್ಗೆ ತಾನೇ ಅದನ್ನು ಒರೆಸಿ ಫಳಫಳ ಮಾಡಿಟ್ಟವಳು ನಾನೇ. ಸೋಫಾದಿಂದ ಹೊಸ್ತಿಲ ತನಕ ಅಕ್ಕ ನಡೆದದ್ದಷ್ಟೂ ಆ ಗಾಜಿನಲ್ಲಿ, ಭಾವನ ಮುಖದ ಮೇಲೆಯೇ ನಡೆದದ್ದು, ಒಂದು ಹೆಜ್ಜೆಯನ್ನೂ ನಾನು ಬಿಟ್ಟಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ರೆಫರಿ ನೋಡಿದನೆಂದು ಗೊತ್ತಾದರೆ ಆಟ ನಿಂತುಹೋಗುತ್ತದಲ್ಲ.